ವಡಗಾವಿಯ ಹಳೆಯ ಸರ್ವರ್ ಅಂಗಡಿ: ಎಂಟು ತಿಂಗಳು ಬಳಸಿದ ಮೇಲೆ

ಈ ಅಂಗಡಿಗೆ ಫಲಕವಿಲ್ಲ. ವಡಗಾವಿಯಲ್ಲಿ ಮಗ್ಗಗಳ ಸದ್ದು ನಿಲ್ಲದ ಓಣಿಯೊಂದರಲ್ಲಿ, ಒಂದು ಕಾಲಕ್ಕೆ ಎಂಟು ವಿದ್ಯುತ್ ಮಗ್ಗಗಳು ಓಡುತ್ತಿದ್ದ ತಗಡಿನ ಶೆಡ್ಡು. ಬಾಗಿಲ ಮೇಲೆ ಸೀರೆ ವ್ಯಾಪಾರಿಯೊಬ್ಬರ ಹೆಸರು ಅರ್ಧ ಅಳಿಸಿದ ನೀಲಿ ಬಣ್ಣದಲ್ಲಿ ಇನ್ನೂ ಉಳಿದಿದೆ. ಅಂಗಡಿಯ ಹೆಸರು ಬರೆಯಬೇಡಿ ಎಂದು ಮಾಲೀಕರೇ ಕೇಳಿಕೊಂಡಿದ್ದಾರೆ. ಹಳೆಯ ಸರ್ವರುಗಳನ್ನು, ಅಂದರೆ ಇಡೀ ಕಚೇರಿಯ ಕಡತ, ಲೆಕ್ಕಗಳನ್ನು ಹೊತ್ತು ಹಗಲಿರುಳು ಓಡುವ ದೊಡ್ಡ ಕಂಪ್ಯೂಟರುಗಳನ್ನು, ಪರೀಕ್ಷಿಸಿ ದುರಸ್ತಿ ಮಾಡಿ ಮಾರುವುದು ಇವರ ಕೆಲಸ. ತಿಂಗಳಿಗೆ ಅವರು ಸಿದ್ಧಪಡಿಸುವುದು ಐದೋ ಆರೋ ಯಂತ್ರ. ಅದಕ್ಕಿಂತ ಹೆಚ್ಚು ಗಿರಾಕಿಗಳು ಬಂದರೆ ಕೆಲಸ ಕೆಡುತ್ತದೆಯಂತೆ. ಗಿರಾಕಿ ಬೇಡ ಎನ್ನುವ ಅಂಗಡಿಯವರನ್ನು ಐವತ್ಮೂರು ವರ್ಷ ಬೆಳಗಾವಿಯಲ್ಲೇ ಬದುಕಿದ ನಾನು ಕಂಡದ್ದು ಇದೇ ಮೊದಲು. ಬೇಕಾದವರಿಗೆ ಹೇಗೂ ಸಿಗುತ್ತದೆ. ಓಣಿಯ ಮೂಲೆಯ ಚಹಾದ ಗಾಡಿಯವನನ್ನು "ಕಂಪ್ಯೂಟರ್ ಮಗ್ಗ ಎಲ್ಲಿ?" ಎಂದು ಕೇಳಿದರೆ ಕೈ ತೋರಿಸುತ್ತಾನೆ.

ನನ್ನ ಕಸುಬು ಎರಕದ ಪ್ಯಾಟರ್ನುಗಳದ್ದು, ಅಂದರೆ ಲೋಹ ಹೊಯ್ಯುವ ಮರಳಿನ ಅಚ್ಚು ಮೂಡಿಸಲು ಬೇಕಾದ ಮಾದರಿಗಳದ್ದು. ಉದ್ಯಮಬಾಗದಲ್ಲಿ ಐದು ಜನರ ಕಚೇರಿ, ಅದರ ಹಿಂದೆ ಸಣ್ಣ ವರ್ಕ್‌ಶಾಪು. ಅಪ್ಪನ ಕಾಲಕ್ಕೆ ಸಾಗವಾನಿ ಕಟ್ಟಿಗೆ, ಉಳಿ, ಲೋಹ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದು ಗೆರೆ ಕೊರೆದ ಅಳತೆಪಟ್ಟಿ, ಇಷ್ಟರಲ್ಲೇ ಕೆಲಸ ಮುಗಿಯುತ್ತಿತ್ತು. ಈಗ ಕರಗಿದ ಲೋಹ ಅಚ್ಚಿನೊಳಗೆ ಹೇಗೆ ತುಂಬುತ್ತದೆ, ಎಲ್ಲಿ ಮೊದಲು ಗಟ್ಟಿಯಾಗುತ್ತದೆ, ಎಲ್ಲಿ ಪೊಳ್ಳು ಉಳಿಯುತ್ತದೆ ಎಂಬುದನ್ನೆಲ್ಲ ಮರಳು ಮುಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ತೋರಿಸದಿದ್ದರೆ ಗಿರಾಕಿ ಆರ್ಡರಿಗೆ ಸಹಿ ಹಾಕುವುದಿಲ್ಲ. ಒಂದು ಪಂಪಿನ ಕವಚಕ್ಕೆ ಈ ಲೆಕ್ಕ ಮಾಡಲು ನಮ್ಮ ಡೆಸ್ಕ್‌ಟಾಪ್ ಹನ್ನೊಂದು ತಾಸು ತೆಗೆದುಕೊಳ್ಳುತ್ತಿತ್ತು. ಹದಿನೈದು ವರ್ಷಗಳ ನಕಾಶೆಗಳು ಬೇರೆ ಐದು ಕಂಪ್ಯೂಟರುಗಳಲ್ಲಿ ಚದುರಿ ಹೋಗಿದ್ದವು. ಹೊಸ ಸರ್ವರಿಗೆ ದರಪಟ್ಟಿ ತರಿಸಿ ನೋಡಿದೆ, ಮಡಚಿ ಡ್ರಾಯರಿನಲ್ಲಿಟ್ಟೆ. ಅಷ್ಟು ಹಣ ನನ್ನ ಬಳಿ ಇದ್ದಿದ್ದರೆ ಮೊದಲು ಮಿಲ್ಲಿಂಗ್ ಯಂತ್ರ ಬದಲಿಸುತ್ತಿದ್ದೆ.

ಹಳೆಯ ಸರ್ವರ್ ವಿಷಯದಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡವನು. ಎರಡು ವರ್ಷಗಳ ಹಿಂದೆ ಬೇರೆ ಊರಿನ ವ್ಯಾಪಾರಿಯೊಬ್ಬರೊಡನೆ ಫೋನಿನಲ್ಲೇ ಮಾತು ಮುಗಿಸಿ ಒಂದನ್ನು ತರಿಸಿದ್ದೆ. ಮೇಲೆ "ಪರೀಕ್ಷಿಸಲಾಗಿದೆ" ಎಂಬ ಹಸಿರು ಚೀಟಿ ಇತ್ತು. ಏನನ್ನು, ಯಾರು, ಹೇಗೆ ಪರೀಕ್ಷಿಸಿದರು ಎಂಬುದು ಚೀಟಿಯಲ್ಲಿ ಇರಲಿಲ್ಲ. 128 ಜಿಬಿ ಮೆಮೊರಿಗೆ ಹಣ ಕೊಟ್ಟಿದ್ದೆ, ಪರದೆಯ ಮೇಲೆ 112 ಎಂದು ಬಂತು. ಫೋನ್ ಮಾಡಿದರೆ, "ಬಳಸುತ್ತಾ ಹೋಗಿ ಸರ್, ತಾನಾಗಿ ಸರಿಹೋಗುತ್ತದೆ" ಎಂದರು. ಬಳಸುತ್ತಾ ಸರಿಹೋಗಲು ಅದೇನು ಹೊಸ ಚಪ್ಪಲಿಯೇ? ಅದಕ್ಕಿಂತ ದಿಗಿಲು ಹುಟ್ಟಿಸಿದ್ದು ಡಿಸ್ಕು. ತೆರೆದು ನೋಡಿದರೆ ಯಾವುದೋ ಕಂಪನಿಯ ನೌಕರರ ಸಂಬಳದ ಪಟ್ಟಿ, ಬ್ಯಾಂಕ್ ಖಾತೆಯ ಸಂಖ್ಯೆಗಳ ಸಮೇತ, ಹಾಗೆಯೇ ಕುಳಿತಿತ್ತು. ಅವರಿಗೆ ನನ್ನ ಪರಿಚಯವಿಲ್ಲ, ನನಗೆ ಮಾತ್ರ ಅವರ ಸಂಬಳ ಗೊತ್ತು. ನಾಳೆ ನನ್ನ ಗಿರಾಕಿಗಳ ನಕಾಶೆಗಳೂ ಹೀಗೆಯೇ ಯಾರದೋ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತವೆ ಎಂದು ಅನ್ನಿಸಿ ಅದನ್ನು ಮುಚ್ಚಿ ಮೂಲೆಗೆ ತಳ್ಳಿದ್ದೆ.

ಎರಕದ ತುಂಡು ಕೈಗೆ ಬಂದರೆ ಅಪ್ಪ ಅದನ್ನು ಹಗ್ಗಕ್ಕೆ ತೂಗುಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಗಟ್ಟಿ ಇದ್ದರೆ ಗಂಟೆಯ ಹಾಗೆ ನಾದ ಬರುತ್ತದೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಸರ್ವರನ್ನು ತಟ್ಟಿ ನೋಡುವುದು ಹೇಗೆ ಎಂಬುದು ನನಗೆ ತಿಳಿದಿರಲಿಲ್ಲ. ಅದನ್ನು ಬಲ್ಲವರು ವಡಗಾವಿಯಲ್ಲಿದ್ದಾರೆ ಎಂದು ಹೇಳಿದ್ದು ನಮ್ಮ ಯುಪಿಎಸ್ ರಿಪೇರಿಯ ಹುಡುಗ.

ಶೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಕಿವಿಗೆ ಕೆಲಸ. ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟುಗಳ ಮೇಲೆ ಏಳೆಂಟು ಸರ್ವರುಗಳು ಒಟ್ಟಿಗೆ ಬುಸುಗುಡುತ್ತಿರುತ್ತವೆ. ಬೇರೆ ಬಡಾವಣೆಯಾಗಿದ್ದರೆ ಮೂರನೆಯ ದಿನಕ್ಕೆ ನೆರೆಯವರು ಪೊಲೀಸರನ್ನು ಕರೆಯುತ್ತಿದ್ದರು. ಇಲ್ಲಿ ಎಡಕ್ಕೂ ಬಲಕ್ಕೂ ಮಗ್ಗಗಳೇ ಇರುವುದರಿಂದ ಯಾರಿಗೂ ಯಾರ ದೂರೂ ಇಲ್ಲ. ಮಗ್ಗಕ್ಕೆಂದು ಎಳೆಸಿದ್ದ ಮೂರು ಫೇಸಿನ ವಿದ್ಯುತ್ ಸಂಪರ್ಕವೇ ಈಗ ಸರ್ವರುಗಳಿಗೂ ಒದಗಿದೆ. ಜಾಗ ಆರಿಸಿದ್ದರಲ್ಲೇ ಮಾಲೀಕರ ತಲೆ ಗೊತ್ತಾಗುತ್ತದೆ.

ಪರೀಕ್ಷೆಯ ಹೊಣೆ ಪೂರ್ತಿಯಾಗಿ ಮಾಲೀಕರ ಅಕ್ಕನ ಮಗಳದ್ದು. ಇಪ್ಪತ್ತಾರು ಇಪ್ಪತ್ತೇಳರ ಪ್ರಾಯ, ಮಣಿಕಟ್ಟಿಗೆ ಸ್ಥಾಯೀ ವಿದ್ಯುತ್ತನ್ನು ನೆಲಕ್ಕಿಳಿಸುವ ಪಟ್ಟಿ ಕಟ್ಟಿಕೊಂಡೇ ಮಾತಾಡುತ್ತಾಳೆ. ವ್ಯಾಪಾರ ಮಾವನದು, ಕೊಡಬೇಕೋ ಬೇಡವೋ ಎಂಬ ತೀರ್ಮಾನ ಸೊಸೆಯದು. ನಾನು ಹೋದ ದಿನವೇ ಅದು ಗೊತ್ತಾಯಿತು. ಮಾಲೀಕರು 44,000 ರೂಪಾಯಿಯ ಒಂದು ಯಂತ್ರ ತೋರಿಸಿದರು, ನನಗೂ ಹಿಡಿಸಿತು. ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಆಕೆ ಆ ಕಡೆಯ ಮೇಜಿನಿಂದಲೇ, "ಮಾಮಾ, ಅದು ಬೇಡ. ಕಾಕಾ, ಅದನ್ನು ನಿಮಗೆ ಕೊಡುವುದಿಲ್ಲ" ಎಂದಳು.

ಕಾರಣವನ್ನೂ ಕರೆದು ತೋರಿಸಿದಳು. ಪ್ರತಿ ಸರ್ವರಿನೊಳಗೂ ಅದರದೇ ಒಂದು ದಿನಚರಿ ಇರುತ್ತದೆ. ಫ್ಯಾನ್ ನಿಂತದ್ದು, ವಿದ್ಯುತ್ ಹೋದದ್ದು, ಮೆಮೊರಿ ತಪ್ಪಿದ್ದು, ಮುಚ್ಚಳ ತೆಗೆದದ್ದು ಎಲ್ಲವೂ ತಾರೀಖು, ವೇಳೆಯೊಂದಿಗೆ ಅಲ್ಲಿ ದಾಖಲಾಗುತ್ತದೆ. ಈ ಯಂತ್ರದ ದಿನಚರಿಯಲ್ಲಿ ಮೂರು ತಿಂಗಳಲ್ಲಿ ಏಳು ಬಾರಿ ಒಂದೇ ಮೆಮೊರಿ ಸ್ಲಾಟಿನ ಮೇಲೆ ದೂರು ಬಿದ್ದಿತ್ತು. ಆಕೆ ಆ ಸ್ಲಾಟಿನ ಮೆಮೊರಿ ಪಟ್ಟಿಯನ್ನು ತೆಗೆದು ಬೇರೆ ಸ್ಲಾಟಿಗೆ ಹಾಕಿ, ಅಲ್ಲಿದ್ದುದನ್ನು ಇಲ್ಲಿಗೆ ತಂದು, ಎರಡು ರಾತ್ರಿ ಓಡಿಸಿದ್ದಳು. ದೂರು ಮೆಮೊರಿಯ ಬೆನ್ನು ಹತ್ತಿ ಹೋದರೆ ಮೆಮೊರಿ ಕೆಟ್ಟಿದೆ ಎಂದರ್ಥ, ಬದಲಿಸಿದರೆ ಮುಗಿಯಿತು. ಇಲ್ಲಿ ದೂರು ಸ್ಲಾಟಿಗೇ ಅಂಟಿಕೊಂಡಿತ್ತು. ಅಂದರೆ ಹುಳುಕು ಬೋರ್ಡಿನಲ್ಲಿದೆ, ಇಲ್ಲವೇ ಪ್ರೊಸೆಸರ್ ಕೂರುವ ಜಾಗದಲ್ಲಿದೆ. "ಇದರ ಬಿಡಿಭಾಗಗಳನ್ನು ಮಾರುತ್ತೇವೆ, ಇಡಿಯಾಗಿ ಮಾರುವುದಿಲ್ಲ" ಎಂದಳು. ಮಾಲೀಕರು ಏನೂ ಮಾತಾಡದೆ ಚಹಾ ತರಿಸಿದರು.

ಆ ದಿನಚರಿಯನ್ನು ಓದುವ ಮೊದಲೇ ಅಳಿಸಿಬಿಡುವ ವ್ಯಾಪಾರಿಗಳೂ ಇದ್ದಾರೆ. ಅಳಿಸಿದರೆ ಯಂತ್ರ ಹಸುಗೂಸಿನಂತೆ ಕಾಣುತ್ತದೆ. ಆಕೆ ಯಂತ್ರ ಬಂದ ದಿನವೇ ಅದನ್ನು ಮುದ್ರಿಸಿ ಕಡತಕ್ಕೆ ಸೇರಿಸುತ್ತಾಳೆ. ಕೊಳ್ಳುವವರು ಕೇಳಿದರೆ ತೋರಿಸುತ್ತಾಳೆ, ಕೇಳದಿದ್ದರೂ ತೋರಿಸುತ್ತಾಳೆ. ಹಳೆಯ ಸರ್ವರ್ ಎಲ್ಲೇ ಕೊಳ್ಳಿ, ಮೊದಲು ಈ ಜಾತಕವನ್ನು ಕೇಳಿ.

ನಾನು ಕೊನೆಗೆ ಕೊಂಡದ್ದು ಡೆಲ್ ಕಂಪನಿಯ ಪವರ್‌ಎಡ್ಜ್ ಆರ್730. 2014ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಒಳಗೆ ಹನ್ನೆರಡು ಕೋರಿನ (ಕೋರು ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದು ಘಟಕ) ಎರಡು ಝಿಯಾನ್ ಇ5-2650 ವಿ4 ಪ್ರೊಸೆಸರುಗಳು, 128 ಜಿಬಿ ಮೆಮೊರಿ, 4 ಟಿಬಿಯ ಆರು ಡಿಸ್ಕುಗಳು, 750 ವ್ಯಾಟಿನ ಎರಡು ಪವರ್ ಸಪ್ಲೈ. ಬೆಲೆ 58,000 ರೂಪಾಯಿ, ಮೇಲೆ ಶೇ 18ರ ಜಿಎಸ್‌ಟಿ 10,440. ಮೂಲೆಯಲ್ಲಿ ಕೂತಿದ್ದ ನನ್ನ ಹಳೆಯ ಪೀಡೆಯನ್ನು ಬಿಡಿಭಾಗಗಳ ಲೆಕ್ಕದಲ್ಲಿ 6,000ಕ್ಕೆ ತೆಗೆದುಕೊಂಡರು. ಒಟ್ಟು ನನ್ನ ಕೈಯಿಂದ ಹೋದದ್ದು 62,440. ಒಂದು ವರ್ಷದ ಖಾತರಿಯನ್ನು ಬಿಲ್ಲಿನ ಮೇಲೆಯೇ ಬರೆದುಕೊಟ್ಟರು.

ಆ ಹಳೆಯ ಪೀಡೆಯ ರೋಗವೂ ಅಂದೇ ಪತ್ತೆಯಾಯಿತು. ಆಕೆ ಅದರ ಎರಡು ಪ್ರೊಸೆಸರುಗಳಲ್ಲಿ ಒಂದನ್ನು ಎತ್ತಿ, ಕೆಳಗಿನ ಸಾಕೆಟ್ಟನ್ನು ಭೂತಗನ್ನಡಿಯಡಿ ಹಿಡಿದಳು. ಆ ಸಾಕೆಟ್ಟಿನಲ್ಲಿ 2,011 ಪಿನ್ನುಗಳು, ಒಂದೊಂದೂ ಕೂದಲಿನಷ್ಟು ತೆಳು. ಎರಡು ಪಿನ್ನುಗಳು ಪಕ್ಕಕ್ಕೆ ವಾಲಿದ್ದವು. ಹಿಂದೆ ಯಾರೋ ಪ್ರೊಸೆಸರನ್ನು ಓರೆಯಾಗಿ ಇಟ್ಟು ಒತ್ತಿದ್ದರು. ಅಷ್ಟಕ್ಕೇ, ಪ್ರೊಸೆಸರುಗಳಿಂದ ಮೆಮೊರಿಗೆ ಹೋಗುವ ಎಂಟು ದಾರಿಗಳಲ್ಲಿ, ಅಂದರೆ ಚಾನಲುಗಳಲ್ಲಿ, ಒಂದು ಸತ್ತಿತ್ತು, ಚಾನಲಿಗೆ ಒಂದರಂತಿದ್ದ 16 ಜಿಬಿಯ ಎಂಟು ಪಟ್ಟಿಗಳಲ್ಲಿ ಒಂದು ಕಾಣೆಯಾಗಿತ್ತು. 128ರಲ್ಲಿ 16 ಕಳೆದರೆ 112. ಎರಡು ವರ್ಷ ನನ್ನನ್ನು ಕಾಡಿದ ಲೆಕ್ಕ ಒಂದು ನಿಮಿಷದಲ್ಲಿ ಬಗೆಹರಿಯಿತು. ಸೂಜಿಮೊನೆಯಿಂದ ಪಿನ್ನುಗಳನ್ನು ನೇರ ಮಾಡಿ ಪೂರ್ತಿ 128 ತೋರಿಸಿಯೂ ಬಿಟ್ಟಳು. "ಹಾಗಾದರೆ ನಾನೇ ವಾಪಸು ಒಯ್ಯಲೇ?" ಎಂದೆ, ಆಸೆಯಿಂದ. "ಒಮ್ಮೆ ಬಾಗಿದ ಪಿನ್ನು ಕಾಕಾ. ಬೇಸಿಗೆಯಲ್ಲಿ ಕಾದಾಗ ಏನು ಮಾಡುತ್ತದೆಯೋ ನಾನು ಹೇಳಲಾರೆ" ಎಂದಳು. ಬೆಸುಗೆ ಹಾಕಿ ಪುಟ್ಟಿ ಮೆತ್ತಿದ ಎರಕದ ತುಂಡನ್ನು ನಾನು ನಂಬುತ್ತೇನೆಯೇ? ಅಲ್ಲೇ ಬಿಟ್ಟು ಬಂದೆ.

ಇನ್ನು ನನ್ನ ಯಂತ್ರಕ್ಕೆ ನಡೆದ ಪರೀಕ್ಷೆ. ಮುಂಗಡ ಕೊಟ್ಟ ಮೇಲೆ ಮೂರು ಸಲ ಹೋಗಿ ಕುಳಿತು ನೋಡಿದ್ದೇನೆ. ಕುಳಿತು ಎಂದರೆ ತಲೆಕೆಳಗಾದ ಪ್ಲಾಸ್ಟಿಕ್ ಕ್ರೇಟಿನ ಮೇಲೆ. ಗಿರಾಕಿಗೆಂದು ಒಂದು ಕುರ್ಚಿ ಅಲ್ಲಿಲ್ಲ.

ಮೊದಲು ಧೂಳು. ಬ್ಲೋವರ್ ಹಿಡಿಯುವಾಗ ಆಕೆ ಒಂದೊಂದು ಫ್ಯಾನಿನ ರೆಕ್ಕೆಯನ್ನೂ ಬೆರಳಿನಿಂದ ತಡೆದು ಹಿಡಿಯುತ್ತಾಳೆ. ಗಾಳಿಯ ರಭಸಕ್ಕೆ ಫ್ಯಾನು ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಮೇಲಿನ ಶಾಖದ ಪೇಸ್ಟು ಗೋಡೆಯ ಒಣಸುಣ್ಣದಂತೆ ಪುಡಿಯಾಗಿತ್ತು. ಅದನ್ನು ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಬಳಿದಳು. ಬೋರ್ಡಿನ ಗುಂಡಿ ಸೆಲ್ಲನ್ನು ಕೇಳದೆಯೇ ಬದಲಿಸಿದಳು. ಡಿಸ್ಕುಗಳನ್ನು ಆಳುವ ರೇಡ್ ಕಂಟ್ರೋಲರಿಗೂ ಒಂದು ಪುಟ್ಟ ಬ್ಯಾಟರಿ ಇರುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಹಠಾತ್ತನೆ ವಿದ್ಯುತ್ ಹೋದರೆ ಇನ್ನೂ ಡಿಸ್ಕಿಗೆ ಇಳಿಯದೆ ದಾರಿಯಲ್ಲಿರುವ ದತ್ತಾಂಶವನ್ನು ಕಾಯುವುದು ಅದೇ. ಅದು ಸೋತರೆ ಕಂಟ್ರೋಲರು ಹೆದರಿ, ಪ್ರತಿ ಬರಹವನ್ನೂ ನೇರವಾಗಿ ಡಿಸ್ಕಿಗೇ ಇಳಿಸುತ್ತಾ ನಿಧಾನವಾಗುತ್ತದೆ. ಯಂತ್ರ ಕೆಟ್ಟಿಲ್ಲ, ಆದರೆ ಏಕೋ ಎತ್ತಿನ ಗಾಡಿಯಾಗಿದೆ ಎಂದು ಗಿರಾಕಿ ತಲೆ ಕೆರೆದುಕೊಳ್ಳುತ್ತಾನೆ. ನನ್ನದರಲ್ಲಿ ಹೊಸ ಬ್ಯಾಟರಿ ಹಾಕಿದ್ದಾರೆ.

ಫರ್ಮ್‌ವೇರ್, ಅಂದರೆ ಯಂತ್ರದ ಭಾಗಗಳೊಳಗೇ ಕೂತಿರುವ ತಂತ್ರಾಂಶ, ಅದನ್ನು ಹೊಸದು ಮಾಡುವ ಕೆಲಸವನ್ನು ನಾನು ನೋಡಲಿಲ್ಲ, ಕಾಗದದಲ್ಲಿ ಓದಿದೆ. 2018ರ ಜನವರಿಯಲ್ಲಿ ಬಯಲಾದ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಕ್ಕೆ ಬಂದ ತೇಪೆಯೂ ಅದರಲ್ಲಿ ಸೇರಿದೆ. ದೂರದಿಂದಲೇ ಯಂತ್ರ ನಡೆಸುವ ಐಡ್ರ್ಯಾಕ್ ಎಂಬ ಭಾಗಕ್ಕೆ ಈ ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಬರುವ ಹೆಸರು ರೂಟ್, ಗುಪ್ತಪದ ಕ್ಯಾಲ್ವಿನ್. ಜಗತ್ತಿಗೆಲ್ಲ ಗೊತ್ತಿರುವ ಗುಪ್ತಪದ. ನನ್ನ ಹಿಂದಿನ ಯಂತ್ರದಲ್ಲಿ ಎರಡು ವರ್ಷ ಅದೇ ಇತ್ತು ಎಂದಾಗ ಆಕೆ ನಗಲೂ ಇಲ್ಲ, ನನ್ನನ್ನೇ ಒಮ್ಮೆ ನೋಡಿದಳು.

ಮೆಮೊರಿಗೆ ಮೆಮ್‌ಟೆಸ್ಟ್86+ ಎಂಬ ಪರೀಕ್ಷೆಯ ತಂತ್ರಾಂಶ ಹಾಕಿ ರಾತ್ರಿಯಿಡೀ ಬಿಟ್ಟರು. ಬೆಳಗ್ಗೆ ಒಂದೂ ತಪ್ಪಿಲ್ಲ. ನಾನು ಎದ್ದು ನಿಂತೆ, ಆಕೆ ಏಳಲಿಲ್ಲ. ಸರ್ವರಿನ ಮೆಮೊರಿ ತನ್ನ ಸಣ್ಣ ತಪ್ಪುಗಳನ್ನು ತಾನೇ ತಿದ್ದಿಕೊಂಡುಬಿಡುತ್ತದೆ, ಪರದೆಗೆ ಸುದ್ದಿಯೇ ಬರುವುದಿಲ್ಲ. ಆದ್ದರಿಂದ ಪರೀಕ್ಷೆ ಮುಗಿದ ಮೇಲೆ ದಿನಚರಿಯನ್ನು ಇನ್ನೊಮ್ಮೆ ತೆರೆದು, ರಾತ್ರಿ ತಿದ್ದುಪಡಿಯೇನಾದರೂ ನಡೆದಿದೆಯೇ ಎಂದು ನೋಡಬೇಕು. ಬರೆದು ರಬ್ಬರಿನಿಂದ ಅಳಿಸಿ ಮತ್ತೆ ಸರಿಯಾಗಿ ಬರೆದ ಹುಡುಗನಿಗೂ ಮೊದಲ ಸಲಕ್ಕೇ ಸರಿಯಾಗಿ ಬರೆದವನಿಗೂ ಈ ಅಂಗಡಿಯಲ್ಲಿ ಒಂದೇ ಅಂಕ ಸಿಗುವುದಿಲ್ಲ. ನನ್ನ ಯಂತ್ರದ ರಾತ್ರಿ ಶುಭ್ರವಾಗಿತ್ತು.

ಹೆಚ್ಚು ದಿನ ಹಿಡಿದದ್ದು ಡಿಸ್ಕುಗಳಿಗೆ, ನಾನು ಸಿಡುಕಿದ್ದೂ ಆಗಲೇ. 4 ಟಿಬಿಯ ಡಿಸ್ಕನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಬರೆಯಲು ಸುಮಾರು ಏಳೂವರೆ ತಾಸು, ಬರೆದದ್ದನ್ನು ಓದಿ ಹೊಂದಿಸಲು ಮತ್ತೆ ಅಷ್ಟೇ. ಇವರು ನಾಲ್ಕು ಬೇರೆ ಬೇರೆ ವಿನ್ಯಾಸಗಳಲ್ಲಿ ಬರೆದು ಓದುತ್ತಾರೆ. ಎರಡೂವರೆ ದಿನ ಆಯಿತು. ಬರೆಯುವ ಮೊದಲು ಡಿಸ್ಕಿನ ಆರೋಗ್ಯದ ಅಂಕಿಗಳನ್ನು ಒಮ್ಮೆ, ಬರೆದ ಮೇಲೆ ಇನ್ನೊಮ್ಮೆ ತೆಗೆದು ಪಕ್ಕಪಕ್ಕಕ್ಕೆ ಇಟ್ಟು ನೋಡುತ್ತಾರೆ. ಹೊಸದಾಗಿ ಕೆಟ್ಟ ಜಾಗಗಳ ಎಣಿಕೆ ಒಂದೇ ಒಂದು ಏರಿದರೂ ಆ ಡಿಸ್ಕು ಹೊರಗೆ. ನನ್ನ ಆರರಲ್ಲಿ ಎರಡು ಹೀಗೆ ಹೊರಬಿದ್ದವು. ಅವುಗಳ ಜಾಗಕ್ಕೆ ಬಂದವಕ್ಕೆ ಮತ್ತೆ ಎರಡೂವರೆ ದಿನ. ಓಡಿದ ತಾಸುಗಳನ್ನು ಮುಚ್ಚಿಡುವುದಿಲ್ಲ. ನನ್ನವುಗಳಲ್ಲಿ ಅತಿ ಹಿರಿಯದು 41,300 ತಾಸು ಓಡಿದೆ. ವರ್ಷಕ್ಕೆ 8,760 ತಾಸು, ಅಂದರೆ ನಾಲ್ಕು ವರ್ಷ ಎಂಟು ತಿಂಗಳು ಕಣ್ಣು ಮುಚ್ಚದೆ ದುಡಿದ ಜೀವ. ಆರನ್ನೂ ರೇಡ್ 6ರಲ್ಲಿ ಕಟ್ಟಿಕೊಟ್ಟಿದ್ದಾರೆ. 24 ಟಿಬಿಯಲ್ಲಿ ಕೈಗೆ ಸಿಗುವುದು 16. ಉಳಿದ ಎಂಟು, ಯಾವ ಎರಡು ಡಿಸ್ಕು ಸತ್ತರೂ ದತ್ತಾಂಶ ಉಳಿಯಲಿ ಎಂದು ಕಟ್ಟುವ ಕಂದಾಯ.

ಹಿಂದಿನ ಒಡೆಯರ ದತ್ತಾಂಶ ಅಳಿಸಿದ್ದಕ್ಕೆ ಪ್ರತಿ ಡಿಸ್ಕಿಗೂ ಅದರ ಕ್ರಮಸಂಖ್ಯೆಯೊಂದಿಗೆ ಒಂದು ಪ್ರಮಾಣಪತ್ರ ಇದೆ, ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-88 ಮಾರ್ಗಸೂಚಿಯಂತೆ. ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಬರೆದಿಡುವ ಎಸ್‌ಎಸ್‌ಡಿ ಡ್ರೈವುಗಳಿಗೆ ದಾರಿ ಬೇರೆ. ಅವುಗಳೊಳಗೆ ಹೊರಗಿನ ಬರಹ ಮುಟ್ಟಲಾರದ ಮೀಸಲು ಜಾಗ ಇರುತ್ತದೆ, ಆದ್ದರಿಂದ ಮೇಲೆ ಬರೆದು ಅಳಿಸಿದರೆ ಸಾಲದು. ಡ್ರೈವಿನ ಸ್ವಂತ ಅಳಿಸುವ ಆಜ್ಞೆಯನ್ನೇ ಕೊಡಬೇಕು. ಓದಲೂ ಬಾರದ ಸತ್ತ ಡಿಸ್ಕುಗಳಿಗೆ ಡ್ರಿಲ್ಲಿನಿಂದ ತೂತು. ಆ ಸಂಬಳದ ಪಟ್ಟಿಯ ಡಿಸ್ಕನ್ನು ಕೊಟ್ಟಾಗ, "ತಂಗಿ, ಇದರಲ್ಲಿ ಏನಿದೆ ಗೊತ್ತೇ?" ಎಂದು ಹೇಳಹೊರಟೆ. "ಹೇಳಬೇಡಿ ಕಾಕಾ" ಎಂದು ನೇರ ಅಳಿಸಲು ಹಾಕಿದಳು. ಅದಕ್ಕೂ ಪ್ರಮಾಣಪತ್ರ ಕೊಟ್ಟರು. ಯಾರ ವಿಳಾಸಕ್ಕೆ ಕಳಿಸಲಿ ಎಂದು ತಿಳಿಯದೆ ನನ್ನ ಕಡತದಲ್ಲೇ ಇಟ್ಟುಕೊಂಡಿದ್ದೇನೆ. ಮಾರಲಾಗದ ಬೋರ್ಡು, ತಂತಿ, ತಗಡನ್ನು ಗುಜರಿಗೆ ಹಾಕದೆ ಅಧಿಕೃತ ಮರುಬಳಕೆದಾರರಿಗೆ ಕೊಡುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಡಿ ದುರಸ್ತಿ ಮಾಡಿ ಮಾರುವವರೂ ನೋಂದಾಯಿಸಿಕೊಳ್ಳಬೇಕು. ಆ ಪತ್ರ ದೇವರ ಪಟದ ಪಕ್ಕದಲ್ಲಿ ಚೌಕಟ್ಟು ಹಾಕಿ ತೂಗಿದೆ.

ಕೊನೆಯದು ಭಾರದ ಪರೀಕ್ಷೆ. ಮುಚ್ಚಳ ಹಾಕಿ, ಸ್ಟ್ರೆಸ್-ಎನ್‌ಜಿ ಎಂಬ ತಂತ್ರಾಂಶದಿಂದ ಇಪ್ಪತ್ನಾಲ್ಕೂ ಕೋರುಗಳನ್ನು 48 ತಾಸು ಬೆವರಿಳಿಸಿದರು. ಎರಡನೆಯ ದಿನ ಮಧ್ಯಾಹ್ನ ನಾನು ಕ್ರೇಟಿನ ಮೇಲಿದ್ದೆ. ಆಕೆ ಮಾತಾಡುತ್ತಲೇ ಕೈ ಹಿಂದೆ ಚಾಚಿ ಒಂದು ಪವರ್ ಸಪ್ಲೈಯ ವೈರನ್ನು ಕಿತ್ತಳು. ನನ್ನ ಎದೆ ಝಲ್ಲೆಂದಿತು. ಯಂತ್ರ ಮಾತ್ರ ಇನ್ನೊಂದರ ಮೇಲೆ ಏನೂ ಆಗದಂತೆ ಓಡುತ್ತಿತ್ತು. ಅದನ್ನು ಚುಚ್ಚಿ ಇದನ್ನು ಕಿತ್ತಳು, ಆಗಲೂ ಓಡಿತು. ಎರಡು ಸಪ್ಲೈ ಇವೆ ಎಂದು ಬರೆಯುವವರು ಬಹಳ, ಕಿತ್ತು ತೋರಿಸಿದವರನ್ನು ಇಲ್ಲಿಯೇ ಕಂಡೆ.

ಅಲ್ಲೇ ಮೀಟರ್ ಇಟ್ಟು ವಿದ್ಯುತ್ತಿನ ಲೆಕ್ಕವನ್ನೂ ಬರೆದುಕೊಟ್ಟಳು: ಸುಮ್ಮನೆ ಕುಳಿತಾಗ 168 ವ್ಯಾಟ್, ಪೂರ್ತಿ ದುಡಿದಾಗ 390. ಸುಮ್ಮನೆ ಕುಳಿತರೂ ದಿನಕ್ಕೆ ನಾಲ್ಕು ಯೂನಿಟ್, ತಿಂಗಳಿಗೆ 120ರ ಮೇಲೆ. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಸಾವಿರದ ಹತ್ತಿರ. ಹಳೆಯ ಸರ್ವರಿನ ನಿಜವಾದ ಬೆಲೆ ಇದು, ಅಗ್ಗ ಅಗ್ಗ ಎಂದು ಕುಣಿಯುವವರು ಇದನ್ನು ಹೇಳುವುದಿಲ್ಲ. ಬರಿಯ ಕಡತ ಇಡಲು, ಲೆಕ್ಕ ಬರೆಯಲು ಮಾತ್ರ ಬೇಕಾದವರು ಇದಕ್ಕೆ ಕೈ ಹಾಕಬೇಡಿ. ಒಂದು ಸಣ್ಣ ಪೆಟ್ಟಿಗೆ ಸಾಕು, ಕರೆಂಟ್ ಬಿಲ್ಲಿನಲ್ಲೇ ಅದರ ಹಣ ಹುಟ್ಟುತ್ತದೆ. ನನಗೆ ಹನ್ನೊಂದು ತಾಸಿನ ಲೆಕ್ಕ ಈಗ ಮೂರೂವರೆ ತಾಸಿನಲ್ಲಿ ಮುಗಿಯುವುದರಿಂದ ಗಿಟ್ಟಿದೆ. ಎರಡನೆಯ ಪ್ರೊಸೆಸರ್ ತೆಗೆದರೆ ವಿದ್ಯುತ್ ಉಳಿಯುತ್ತದೆಯಲ್ಲ ಎಂದು ಕೇಳಿದ್ದೆ. ಉಳಿಯುತ್ತದೆ, ಆದರೆ ಅದಕ್ಕೆ ಸೇರಿದ ಅರ್ಧ ಮೆಮೊರಿ ಸ್ಲಾಟುಗಳೂ ಅದರೊಂದಿಗೆ ನಿದ್ದೆ ಹೋಗುತ್ತವೆ.

ದೂರುಗಳಿಗೆ ಬರುತ್ತೇನೆ. ಹತ್ತು ದಿನ ಎಂದು ಹೇಳಿ ಹತ್ತೊಂಬತ್ತು ದಿನ ಮಾಡಿದರು. ಡಿಸ್ಕು ಬದಲಿಸಿದ್ದಕ್ಕೆ ತಡ ಎಂಬುದು ಒಪ್ಪುವ ಮಾತು, ಆದರೆ ಅದನ್ನು ನಾನೇ ಹೋಗಿ ತಿಳಿಯಬೇಕಾಯಿತು. ಇಬ್ಬರೂ ಫೋನ್ ಎತ್ತುವುದಿಲ್ಲ. ಒಳಗಿನ ಸದ್ದಿಗೆ ರಿಂಗ್ ಕೇಳುವುದಿಲ್ಲ ಎನ್ನುತ್ತಾರೆ. ಸಂದೇಶಕ್ಕೆ ಸದ್ದು ಬೇಕಿಲ್ಲವಲ್ಲ! ಬಿಲ್ಲಿನಲ್ಲಿ ಒಂದು ಡಿಸ್ಕಿನ ಕ್ರಮಸಂಖ್ಯೆ ತಪ್ಪಾಗಿತ್ತು, ತಿದ್ದಿಸಲು ಮತ್ತೊಂದು ಸುತ್ತು. ಓಣಿಯಲ್ಲಿ ಕಾರು ತಿರುಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ದೂರು, ಸರ್ವರನ್ನು ರ್‍ಯಾಕಿನೊಳಗೆ ಜಾರಿಸಿ ಕೂರಿಸುವ ಕಬ್ಬಿಣದ ಹಳಿಗಳನ್ನು ಕೊಟ್ಟಿಲ್ಲ. "ಬಂದ ಯಂತ್ರಗಳಿಗೆ ಹಳಿ ಇರುವುದೇ ಅಪರೂಪ, ಸಿಕ್ಕರೆ ಇಡುತ್ತೇನೆ" ಎಂದರು ಮಾಲೀಕರು. ಐದರಲ್ಲಿ ನಾನು ಕೊಡುವ ಅಂಕ ನಾಲ್ಕು. ಕಡಿದ ಒಂದರಲ್ಲಿ ಮುಕ್ಕಾಲು ಹಳಿಗಳದ್ದು, ಕಾಲು ಫೋನಿನದು.

ಹಾಗೆಯೇ ಒಂದು ಮೆಚ್ಚುಗೆಯನ್ನೂ ಇಲ್ಲೇ ಹೇಳಿಬಿಡಬೇಕು. ಟಂಟಂನಲ್ಲಿ ಯಂತ್ರ ಬಂದಾಗ ಡಿಸ್ಕುಗಳು ಒಳಗಿರಲಿಲ್ಲ. ಒಂದೊಂದನ್ನೂ ಸ್ಪಂಜಿನಲ್ಲಿ ಸುತ್ತಿ, ಯಾವುದು ಯಾವ ಗೂಡಿಗೆ ಎಂದು ಸಂಖ್ಯೆ ಬರೆದು, ಮಾಲೀಕರು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಮೂರನೆಯ ರೈಲ್ವೆ ಗೇಟಿನ ಆಚೀಚಿನ ರಸ್ತೆ ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಜೊತೆಗೆ ನಾಲ್ಕು ಪುಟದ ಪರೀಕ್ಷಾ ವರದಿ. ಅದರ ಕೊನೆಯ ಪುಟದ ಶೀರ್ಷಿಕೆ "ಇರುವ ಕುಂದುಗಳು": ಬಲಗಡೆಯ ಕಿವಿ (ರ್‍ಯಾಕಿಗೆ ಸಿಗಿಸುವ ಅಂಚು) ತುಸು ಬಾಗಿದೆ, ಮುಂದಿನ ಜಾಲರಿ ಇಲ್ಲ, ನಾಲ್ಕನೆಯ ಫ್ಯಾನು ಬೇರೆ ಯಂತ್ರದ್ದು. ಕೆಳಗೆ ಆಕೆಯ ಸಹಿ. ನನ್ನ ಇಡೀ ಉದ್ಯೋಗದಲ್ಲಿ ಮಾರುವವರೇ ಕುಂದುಗಳ ಪಟ್ಟಿ ಬರೆದು ಸಹಿ ಹಾಕಿ ಕೊಟ್ಟದ್ದನ್ನು ಕಂಡಿರಲಿಲ್ಲ. ನಾನೂ ಕೊಟ್ಟವನಲ್ಲ.

ಸದ್ದಿನ ವಿಷಯ ತಿಳಿದಿರಲಿ. ಗುಂಡಿ ಒತ್ತಿದೊಡನೆ ಆರು ಫ್ಯಾನುಗಳೂ ಒಮ್ಮೆಗೆ ಎದ್ದು, ಸಾಂಬ್ರಾದಿಂದ ವಿಮಾನ ಏರುವಂತೆ ಮೊರೆಯುತ್ತವೆ. ಒಂದು ನಿಮಿಷದೊಳಗೆ ಇಳಿಯುತ್ತದೆ. ಆಮೇಲೂ ಮಲಗುವ ಕೋಣೆಯ ಪಕ್ಕ ಇಡುವ ವಸ್ತುವಲ್ಲ.

ನವೆಂಬರಿನಿಂದ ಜೂನಿನವರೆಗೆ ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಜುಲೈ ಮಳೆಯಲ್ಲಿ, ದಿನಕ್ಕೆ ಮೂರು ಸಲ ಕರೆಂಟ್ ಹೋಗಿ ಬರುತ್ತಿದ್ದ ವಾರದಲ್ಲಿ, ಒಂದು ಡಿಸ್ಕಿನ ಮೇಲೆ ಹಳದಿ ದೀಪ ಮಿಣುಕಿತು. ಖಾತರಿಯ ಪರೀಕ್ಷೆ ಈಗ ಎಂದುಕೊಂಡು, ಫೋನ್ ಮಾಡುವ ಗೋಜಿಗೇ ಹೋಗದೆ ಕೊಡೆ ಹಿಡಿದು ವಡಗಾವಿಗೆ ಹೋದೆ. ಮರುದಿನ ಬೆಳಗ್ಗೆ ಆಕೆಯೇ ಡಿಸ್ಕು ತೆಗೆದುಕೊಂಡು ಬಂದಳು, ಅದರ ಪರೀಕ್ಷೆಯ ಕಾಗದದೊಂದಿಗೆ. ಯಂತ್ರ ನಿಲ್ಲಿಸದೆಯೇ ಕೆಟ್ಟದ್ದನ್ನು ಎಳೆದು ಹೊಸದನ್ನು ತಳ್ಳಿದಳು. ಸಂಜೆಯ ಹೊತ್ತಿಗೆ, ಸುಮಾರು ಒಂಬತ್ತು ತಾಸಿನಲ್ಲಿ, ಅದು ಉಳಿದ ಐದರಿಂದ ತನ್ನ ಪಾಲನ್ನು ಮರಳಿ ತುಂಬಿಕೊಂಡಿತ್ತು. ಈ ನಡುವೆ ನಮ್ಮ ಹುಡುಗರು ಕೆಲಸ ನಿಲ್ಲಿಸಿರಲಿಲ್ಲ. ಒಂದು ರೂಪಾಯಿಯೂ ಕೇಳಲಿಲ್ಲ.

ಬೈಗುಳ ಮಾತ್ರ ತಪ್ಪಲಿಲ್ಲ. ಹೋಗುವ ಮೊದಲು, "ಯಂತ್ರ ನಿಲ್ಲಿಸಲು ಹೇಳಿ, ಮುಚ್ಚಳ ತೆಗೆಯಬೇಕು" ಎಂದಳು. ತೆಗೆದರೆ ಒಳಗೆಲ್ಲ ಕಪ್ಪು ಪುಡಿ. ಸರ್ವರ್ ಇದ್ದ ಕೋಣೆಯ ಬಾಗಿಲು ವರ್ಕ್‌ಶಾಪಿನ ಗ್ರೈಂಡಿಂಗ್ ಕಲ್ಲಿನ ಎದುರಿಗೇ ತೆರೆಯುತ್ತದೆ. ಆಕೆ ಪರ್ಸಿನಿಂದ ಒಂದು ಅಯಸ್ಕಾಂತ ತೆಗೆದು ಪುಡಿಯ ಮೇಲೆ ಆಡಿಸಿದಳು, ಮೀಸೆಯಂತೆ ಅಂಟಿಕೊಂಡಿತು. "ಇದು ಬರಿಯ ಧೂಳಲ್ಲ ಕಾಕಾ, ಕಬ್ಬಿಣ. ಮಳೆಗಾಲದ ತೇವದಲ್ಲಿ ಬೋರ್ಡಿನ ಮೇಲೆ ಕುಳಿತರೆ ಸೇರಬಾರದ ಎರಡು ಕಾಲುಗಳನ್ನು ಸೇರಿಸಿಬಿಡುತ್ತದೆ. ಆಗ ನನ್ನ ನಾಲ್ಕು ಪುಟದ ಕಾಗದ ಏನು ಮಾಡುತ್ತದೆ?" ಐವತ್ಮೂರು ವರ್ಷದ ಫೌಂಡ್ರಿಯವನಿಗೆ ಕಬ್ಬಿಣದ ಧೂಳು ಹೇಗಿರುತ್ತದೆ ಎಂದು ಹೇಳಿಕೊಡಬೇಕಾಗಿ ಬಂದದ್ದಕ್ಕೆ ನಮ್ಮ ಹುಡುಗರು ಬೆನ್ನು ತಿರುಗಿಸಿ ನಕ್ಕರು. ಬ್ಲೋವರಿನಿಂದ ಊದಲು ಬಿಡಲಿಲ್ಲ, ಪುಡಿ ಇನ್ನೂ ಒಳಕ್ಕೆ ಹೋಗುತ್ತದೆ ಎಂದು ವ್ಯಾಕ್ಯೂಮ್ ಹಿಡಿದು ಒಂದು ತಾಸು ಕುಳಿತು ತೆಗೆದಳು. ಬಿಸಿ ಚಹಾ ಆರಿ ತಣ್ಣಗಾಯಿತು.

ಮರುವಾರವೇ ಸರ್ವರನ್ನು ಮುಂದಿನ ಕೋಣೆಗೆ ಸಾಗಿಸಿದೆವು, ಕಿಟಕಿಗೆ ಫಿಲ್ಟರ್ ಬಟ್ಟೆ ಕಟ್ಟಿಸಿದೆ. ರ್‍ಯಾಕು ಅಲ್ಲೇ ನಿಂತಿದೆ, ಖಾಲಿ. ಹಳಿಗಳು ಇನ್ನೂ ಬಂದಿಲ್ಲ. ಸದ್ಯಕ್ಕೆ ಯಂತ್ರ ಅಪ್ಪ ಪ್ಯಾಟರ್ನ್ ಕೆತ್ತುತ್ತಿದ್ದ ಸಾಗವಾನಿ ಮೇಜಿನ ಮೇಲೆ ಕುಳಿತು ಬುಸುಗುಡುತ್ತಿದೆ.